ಕಲ್ಲುಗೋಡೆಯ ಮೇಲಿನ ಒಗ್ಗರಣೆ ಸದ್ದು

“ಯಾರಪ್ಪ ಇಲ್ಲಿ ಒಗ್ಗರಣೆ ಹಾಕ್ತಿರೋದು?”

ಗೌರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಹಿತ್ತಲಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಗುಡ್ಡದ ಮಣ್ಣು ಜಾರದಂತೆ ಮಗನ ಅಮೆರಿಕದ ಮನೆಯ ಹಿಂದೆ ಕಟ್ಟಿದ್ದ ಸೊಂಟದೆತ್ತರದ ಕಲ್ಲುಗೋಡೆ, ಅದರಾಚೆ ಓಕ್ ಮರಗಳು. ಆಗಸ್ಟ್ ಬಿಸಿಲಿಗೆ ಕಲ್ಲು ಹಂಚಿನಂತೆ ಕಾದಿತ್ತು. ಅದರ ಮೇಲೆ ಹಳೆಯ ಪಂಚೆ ಹಾಸಿ ಅವರು ಅಕ್ಕಿ ಸಂಡಿಗೆ ಇಡುತ್ತಿದ್ದರು. ಆಗ ಕೇಳಿಸಿತು, ಕಾದ ಎಣ್ಣೆಗೆ ಹಿಡಿ ಸಾಸಿವೆ ಬಿದ್ದ ಸದ್ದು. ಒಲೆಯೇ ಇಲ್ಲದ ಕಡೆ.

ತಿರುಗಿ ನೋಡಿದರು. ಪಂಚೆಯ ಅಂಚಿನಿಂದ ಎರಡು ಮೊಳ ಆಚೆ, ಅದೇ ಗೋಡೆಯ ಮೇಲೆ, ತೋಳಿನಷ್ಟು ದಪ್ಪದ ಹಾವು ಸುರುಳಿ ಸುತ್ತಿ ಕೂತಿತ್ತು. ಹಳದಿ ಮೈಗೆ ಕಪ್ಪು ಪಟ್ಟೆ. ಮಸಿಯಂತಿದ್ದ ಬಾಲದ ತುದಿ ನೆಟ್ಟಗೆ ನಿಂತು ಕಣ್ಣಿಗೆ ಹಿಡಿಯದ ಹಾಗೆ ನಡುಗುತ್ತಿತ್ತು. ಗೌರಮ್ಮ ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು. ಸದ್ದು ಸಣ್ಣದಾಯಿತು. ಮತ್ತೊಂದಕ್ಕೆ ನಿಂತೇ ಹೋಯಿತು.

ಹೊಳೆನರಸೀಪುರದಲ್ಲಿ ಅವರ ತಂದೆ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಕಾವ್ಯ ವಾಚಿಸುತ್ತಿದ್ದರು. ಗೌರಮ್ಮ ಹಾಡಿದವರಲ್ಲ, ಕಂಬಕ್ಕೊರಗಿ ಕೇಳಿದವರು. ಕೇಳುವವರಿಗೂ ಆ ಮನೆಯಲ್ಲಿ ಒಂದು ನೇಮವಿತ್ತು: ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಬೇಕು, ಒಂದು ಪದ ಆಚೀಚೆ ಆಗಬಾರದು. ಹಾವು ‘ಬರಬೇಡ’ ಅಂದಿತು. ಇವರು ಹೋಗಲಿಲ್ಲ. ಅಲ್ಲಿಗೆ ಅವರಿಬ್ಬರ ಮಾತು ಮುಗಿದಿತ್ತು.

ಸೊಸೆ ಶೈಲಜಾ ಗಾಜಿನ ಬಾಗಿಲಿಂದ ನೋಡಿದವಳೇ ಫೋನು ಮಾಡಿದ್ದು ಮಂಜರಿಗೆ. ಮಂಜರಿ ಹೈಸ್ಕೂಲಿನಲ್ಲಿ ಬಯಾಲಜಿ ಟೀಚರು. ಮನೆಗಳಿಗೆ ಬಂದ ವಿಷದ ಹಾವನ್ನು ಹಿಡಿದು ಕಾಡಿಗೆ ಬಿಡುವ ತರಬೇತಿ ಪಡೆದ ಸ್ವಯಂಸೇವಕಿ. ಕನ್ನಡ ಕೂಟದಲ್ಲಿ ಅವಳಿಗೆ ‘ಹಾವಿನ ಮಂಜರಿ’ ಅಂತಲೇ ಹೆಸರು. ಫೋನು ಸ್ಪೀಕರಿನಲ್ಲಿತ್ತು.

“ಬಾಲ ಗಿಲಕಿ ಥರ ಅಲ್ಲಾಡಿಸ್ತಾ ಆಂಟಿ? ರ‍್ಯಾಟಲ್‌ಸ್ನೇಕು. ಹೊಟ್ಟೆ ದಪ್ಪ ಇದೆಯಾ? ಹಾಗಾದ್ರೆ ಬಸುರಿ, ಬಿಸಿಲಿಗೆ ಮೈ ಕಾಯಿಸ್ಕೊಳ್ಳೋಕೆ ಬಂದಿದೆ. ನಾನು ಫೋರ್ಟ್ ಲೀ ಊರಲ್ಲಿ ಇದೀನಿ, ಒಂದು ಗಂಟೆ ಬೇಕು. ಒಬ್ಬರು ದೂರದಿಂದ ಕಣ್ಣಿಟ್ಟಿರಿ, ಅಷ್ಟೇ. ನೀರು ಎರಚೋದು, ಕಲ್ಲು ಎಸೆಯೋದು ಏನೂ ಬೇಡ. ಕಚ್ಚಿಸಿಕೊಳ್ಳೋರು ಎಷ್ಟೋ ಜನ ಹೊಡೆಯೋಕೆ ಹೋದವರೇ.”

“ಇವರು ಬರೋ ಹೊತ್ತಾಯ್ತು ಮಂಜರಿ,” ಅಂದಳು ಶೈಲಜಾ.

“ಡಾಕ್ಟ್ರಿಗೆ ಹೇಳಿ, ಇದು ಅವರ ಪೇಷಂಟ್ ಅಲ್ಲ ಅಂತ. ಮತ್ತೆ ಇದನ್ನ ಸಾಯಿಸೋದು ಈ ಸ್ಟೇಟಲ್ಲಿ ಅಪರಾಧ, ಅದನ್ನೂ ಹೇಳಿ.”

ಡಾಕ್ಟ್ರು ಅಂದರೆ ಗೌರಮ್ಮನ ಮಗ ಬದರೀನಾಥ, ಹಲ್ಲಿನ ಡಾಕ್ಟರು. ಇಪ್ಪತ್ತು ವರ್ಷ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ದುಡಿದು, ಈ ವಸಂತದಲ್ಲಷ್ಟೇ ಸ್ವಂತದ್ದು ತೆರೆದಿದ್ದ. ಅವನ ಬಲಗೈ ಎಂದರೆ ಗೌರಮ್ಮನಿಗೆ ದೇವರ ಮನೆಯ ದೀಪದ ಹಾಗೆ. ಹಿಮ ತೋಡಲು ಹೋದರೂ “ಆ ಕೈಗೆ ಯಾಕೋ ಸಲಿಕೆ?” ಎಂದು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

ಬದರೀನಾಥ ಬಂದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಗೋಡೆಯ ಕಡೆ ಒಂದು ಸಲ ನೋಡಿದ. ಗರಾಜಿಗೆ ಹೋಗಿ ಸಲಿಕೆ ತಂದ.

“ರೀ, ಮಂಜರಿ ಬರ್ತಿದಾಳೆ. ದಾರೀಲಿದಾಳೆ.”

“ಬ್ರಿಡ್ಜ್ ಟ್ರಾಫಿಕ್‌ನಲ್ಲಿ ಅವಳು ಬರೋದು ದೀಪಾವಳಿಗೆ. ಸಾನ್ವಿ ಎರಡು ಗಂಟೆಗೆ ಸ್ವಿಮಿಂಗಿಂದ ಬರ್ತಾಳೆ. ಆ ಗೋಡೆ ಮೇಲೆ ನಡೆದಾಡೋ ಮಗು ಅದು.”

“ಮೊಮ್ಮಗಳನ್ನ ಒಳಗೆ ಇಟ್ಕೊಳ್ಳೋಣ ಕಣೋ,” ಅಂದರು ಗೌರಮ್ಮ. “ಅದು ನನಗೇನೂ ಮಾಡಲಿಲ್ಲ. ಎಚ್ಚರಿಸಿ ಸುಮ್ಮನಾಯ್ತು. ನಿನ್ನ ಕೈ ನೋಡ್ಕೋ, ಬದರಿ.”

“ಅಮ್ಮ, ನೀನು ಒಳಗೆ ಹೋಗು.”

ಗೌರಮ್ಮ ಹೋಗಲಿಲ್ಲ. ಹಾಗಾಗಿ ಎಲ್ಲವನ್ನೂ ನೋಡಿದವರು ಅವರೊಬ್ಬರೇ. ಶೈಲಜಾ ಮುಖ ತಿರುಗಿಸಿಕೊಂಡು ಒಳಗೆ ನಡೆದಿದ್ದಳು.

ಮೊದಲ ಏಟು ಹಾವಿನ ನಡುವಿಗೆ ಬಿತ್ತು. ಅಲಗು ಕಲ್ಲಿಗೆ ತಾಗಿ ಕಿಡಿ ಹಾರಿತು. ಹಾವು ಬಿಟ್ಟ ಬಾಣದಂತೆ ನೆಗೆದು ಸಲಿಕೆಯ ಹಿಡಿಗೆ ಹೊಡೆಯಿತು. ಮರದ ಮೇಲೆ ಹಳದಿ ನೀರು ಎರಡು ಗೆರೆಯಾಗಿ ಇಳಿಯಿತು. ಗೇಣುದ್ದ ಮೇಲೆ ಬದರೀನಾಥನ ಬೆರಳಿತ್ತು. ಅವನಿಗೆ ಭಯವಾಯಿತು, ಭಯ ಹುಚ್ಚಾಯಿತು. ಆಮೇಲಿನ ಏಟುಗಳನ್ನು ಅವನು ಕಣ್ಣು ಮುಚ್ಚಿಯೇ ಹೊಡೆದ. ಒಂದು ಹಾವಿಗೆ, ಒಂದು ಕಲ್ಲಿಗೆ, ಒಂದು ಸಂಡಿಗೆಗೆ. ಒಗ್ಗರಣೆ ಸದ್ದು ಏರಿ, ಒಡೆದು, ಮತ್ತೆ ಏರಿತು. ಕೊನೆಗೆ ಅಲಗನ್ನು ಕುತ್ತಿಗೆಯ ಮೇಲಿಟ್ಟು ಬೂಟುಗಾಲಿಂದ ತುಳಿದ. ತಲೆ ಬೇರೆಯಾಗಿ ಹುಲ್ಲಿಗೆ ಉರುಳಿತು. ತಲೆಯಿಲ್ಲದ ಮೈ ಹೊಸೆದುಕೊಳ್ಳುತ್ತಲೇ ಇತ್ತು. ಬಾಲ ಮಾತ್ರ ಬಹಳ ಹೊತ್ತು ಎಚ್ಚರಿಸುತ್ತಿತ್ತು, ಯಾರನ್ನೋ.

ಹರಿದ ಹೊಟ್ಟೆಯಿಂದ ತೆಳುಪೊರೆಯ ಚೀಲಗಳು ಜಾರಿ ಪಂಚೆಯ ಮೇಲೆ ಬಿದ್ದವು. ಹಸಿ ಸಂಡಿಗೆಯ ನಡುವೆ ರಕ್ತ ಹರಡಿತು. ಒಂದು ಚೀಲದೊಳಗೆ ಪೆನ್ಸಿಲ್ ಗಾತ್ರದ ಮರಿ ಒಮ್ಮೆ ಹೊರಳಿ ಸುಮ್ಮನಾಯಿತು.

ಬದರೀನಾಥ ಗೋಡೆಗೊರಗಿ ವಾಂತಿ ಮಾಡಿಕೊಂಡ.

“ಸಂಸ್ಕಾರ ಮಾಡಬೇಕು,” ಅಂದರು ಗೌರಮ್ಮ. “ನಮ್ಮೂರಲ್ಲಿ ತಿಳಿಯದೆ ಹೊಡೆದರೂ ಬಿಡ್ತಿರಲಿಲ್ಲ. ಬಾಯಿಗೆ ನಾಣ್ಯ ಇಟ್ಟು, ಬಿಳಿ ಬಟ್ಟೆ ಸುತ್ತಿ, ತುಪ್ಪ ಹಾಕಿ ಸುಡಬೇಕು. ಅದಾಗೋವರೆಗೂ ನಾನು ನೀರು ಮುಟ್ಟಲ್ಲ.”

“ಅಮ್ಮ, ಇದು ನಾಗರಹಾವಲ್ಲ. ಅಮೆರಿಕನ್. ಇದಕ್ಕೆ ನಮ್ಮ ಶಾಸ್ತ್ರ ಗೊತ್ತಿಲ್ಲ.”

“ಬಸುರಿ ಅದು. ಬಸುರಿಗೆ ಯಾವ ದೇಶ?”

ಬದರೀನಾಥ ಬಾಯಿ ಒರೆಸಿಕೊಂಡ. ಸುಡುವುದು ಅವನಿಗೂ ಅನುಕೂಲವೇ ಆಗಿತ್ತು. ಹೊರಬಂದ ಶೈಲಜಾ ಮಂಜರಿಗೆ ಫೋನು ಮಾಡಲು ಹೋದಾಗ ಅವಳ ಕೈ ಹಿಡಿದ. “ಈಗ ಏನೂ ಹೇಳಬೇಡ. ಅವಳು ರಿಪೋರ್ಟ್ ಮಾಡ್ತಾಳೆ. ಬಂದಾಗ ಹಾವು ಕಾಡಿಗೆ ಹೋಯ್ತು ಅನ್ನೋಣ. ಗ್ರಿಲ್ ಹಚ್ಚು.”

ಜುಲೈ ನಾಲ್ಕರ ಹಬ್ಬಕ್ಕೆ ಮುಸುಕಿನ ಜೋಳ ಸುಟ್ಟ ಗ್ರಿಲ್ಲಿಗೆ ಇದ್ದಿಲು ತುಂಬಿದರು. ಗೌರಮ್ಮ ಮರಿಗಳನ್ನೂ ಮೈಯನ್ನೂ ಒಂದೇ ಬಟ್ಟೆಗೆ ಸುತ್ತಿ ತುಪ್ಪ ಸುರಿದರು. ತಮ್ಮ ಪೂಜೆ ಡಬ್ಬಿಯಿಂದ ಬೆಳ್ಳಿಯ ಪುಟ್ಟ ನಾಣ್ಯ ತಂದರು. ತಲೆ ಕಡಿದು ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಹುಲ್ಲಿನ ಮೇಲೆ ಬಾಯಿ ಮುಚ್ಚಿ, ಕಣ್ಣು ತೆರೆದು, ಒಣಗಿದ ಎಲೆಯ ಹಾಗೆ ಬಿದ್ದಿತ್ತು.

“ನಾನೇ ಇಡ್ತೀನಿ,” ಅಂದರು ಗೌರಮ್ಮ.

“ನೀನು ಬಿಡು. ಬಾಯಿ ತೆಗೆಸೋದು ನನ್ನ ಕಸುಬು.” ಬದರೀನಾಥ ಕ್ಲಿನಿಕ್ಕಿನ ನೀಲಿ ಗ್ಲೌಸು ಹಾಕಿಕೊಂಡ. ನಗಲು ಪ್ರಯತ್ನಿಸಿದ. “ಈ ಪೇಷಂಟ್‌ಗೆ ಮರಗಟ್ಟೋ ಇಂಜೆಕ್ಷನ್ನೂ ಬೇಡ. ಸ್ವಲ್ಪ ‘ಆ’ ಅನ್ನಮ್ಮ.”

ಎಡಗೈಯಲ್ಲಿ ತಲೆಯ ಹಿಂಭಾಗ ಹಿಡಿದ. ದಿನಕ್ಕೆ ಹತ್ತಾರು ಬಾಯಿಗಳಲ್ಲಿ ಮಾಡುವ ಹಾಗೆ, ಬಲಗೈ ತೋರುಬೆರಳಿನಿಂದ ಕೆಳದವಡೆಯನ್ನು ಒತ್ತಿದ. ಬಾಯಿ ತೆರೆಯಿತು. ಅದೇ ಬೆರಳಿಂದ ನಾಣ್ಯವನ್ನು ಒಳಗೆ ತಳ್ಳಿದ.

ಬಾಯಿ ಮುಚ್ಚಿತು.

ಒಂದು ಕ್ಷಣ ಅವನು ಸುಮ್ಮನೆ ನೋಡಿದ. ಸತ್ತ ತಲೆ ಅವನ ತೋರುಬೆರಳಿಗೆ ಉಂಗುರದ ಹಾಗೆ ಕಚ್ಚಿ ಕೂತಿತ್ತು. ಎರಡು ಹಲ್ಲೂ ಗ್ಲೌಸು ತೂರಿ ಒಳಗಿದ್ದವು. ಆಮೇಲೆ ಕೂಗಿದ. ಕೈ ಒದರಿದ, ತಲೆ ಬಿಡಲಿಲ್ಲ. ಗ್ರಿಲ್ಲಿನ ಕಬ್ಬಿಣಕ್ಕೆ ಕೈ ಬಡಿದ, ಮತ್ತೆ ಬಡಿದ. ಶೈಲಜಾ ಗ್ರಿಲ್ಲಿನ ಇಕ್ಕಳ ದವಡೆಗೆ ತೂರಿಸಿ ಮೀಟಿದಾಗ ಮೂಳೆ ಮುರಿದ ಸದ್ದಾಗಿ ತಲೆ ಬಿತ್ತು. ನಾಣ್ಯವೂ ಬಿತ್ತು.

ನೋವು ಮೊಳಕೈಗೆ ಏರುವಷ್ಟರಲ್ಲಿ ಬೆರಳು ನೇರಳೆಯಾಗಿತ್ತು. ಗ್ಲೌಸು ಬಿಗಿದು ಹರಿಯಿತು. ಹಲ್ಲು ನಟ್ಟಲ್ಲಿಂದ ನೀರಿನಂಥ ರಕ್ತ ಹರಿಯುತ್ತಲೇ ಇತ್ತು, ಹೆಪ್ಪುಗಟ್ಟಲಿಲ್ಲ. ಶೈಲಜಾ 911ಕ್ಕೆ ಹೇಳುತ್ತಿದ್ದಂತೆ ಗೌರಮ್ಮ ತಮ್ಮ ಸೀರೆಯ ಅಂಚು ಹರಿದು ಮಗನ ಮೊಳಕೈಯಿಂದ ತುಸು ಮೇಲಕ್ಕೆ, ಕಾಲೂರಿ ಬಿಗಿದು ಕಟ್ಟಿದರು, ಊರಲ್ಲಿ ನೋಡಿದ್ದ ಹಾಗೆ. ಕೈ ಹಲಸಿನಂತೆ ಊದಿತು. ಬದರೀನಾಥ ಹುಲ್ಲಿನ ಮೇಲೆ ಉರುಳಾಡಿದ. “ನನ್ನ ಬ್ಯಾಗು ತಾ. ಬ್ಲೇಡಿದೆ. ಕೊಯ್ದು ವಿಷ ತೆಗೀತೀನಿ. ನನ್ನ ಕೈ, ಶೈಲೂ, ನನ್ನ ಕೈ.”

ಮಂಜರಿಯ ಕಾರು ನಿಂತದ್ದು ಆಗ. ಉದ್ದನೆಯ ಕೊಕ್ಕೆ ಕೈಯಲ್ಲಿ ಹಿಡಿದು ಹಿತ್ತಲಿಗೆ ಬಂದವಳು ಗ್ರಿಲ್ಲನ್ನು ನೋಡಿದಳು, ಗೋಡೆಯನ್ನು ನೋಡಿದಳು. ಕೊಕ್ಕೆ ಎಸೆದು ಓಡಿ ಬಂದಳು.

“ಯಾರು ಕಟ್ಟಿದ್ದು ಇದನ್ನ? ಕೈ ಕಳ್ಕೊಳ್ತಾರೆ.” ಕತ್ತರಿಯಿಂದ ಸೀರೆಯ ಪಟ್ಟಿ ಕತ್ತರಿಸಿದಳು. “ಉಂಗುರ, ವಾಚು ಎಲ್ಲ ತೆಗೀರಿ, ಈಗಲೇ.”

ಶೈಲಜಾ ತಂದಿಟ್ಟಿದ್ದ ಬ್ಯಾಗಿನಿಂದ ಬದರೀನಾಥನ ಎಡಗೈಗೆ ಬ್ಲೇಡು ಸಿಕ್ಕಿತ್ತು. ಅವನು ಬೆರಳಿಗೆ ಕೊಯ್ಯಲು ಹೋದ. ಮಂಜರಿ ಮುಂಗೈ ಹಿಡಿದಳು. ಅವನು ಒದ್ದ. ಅವಳು ಮೊಣಕಾಲನ್ನು ಅವನ ಎದೆಗೆ ಊರಿ ಕೂತಳು. ಬ್ಲೇಡು ಅವಳ ಅಂಗೈಯನ್ನು ಸೀಳಿತು. ಆದರೂ ಬಿಡಲಿಲ್ಲ, ತಿರುಚಿ ಕಿತ್ತು ಗೋಡೆಯಾಚೆ ಎಸೆದಳು.

“ಕೊಯ್ದರೆ ರಕ್ತ ನಿಲ್ಲಲ್ಲ ಡಾಕ್ಟ್ರೇ. ವಿಷ ಬ್ಲೇಡಿಗೆ ಬರಲ್ಲ. ಐಸ್ ಬೇಡ, ಕಟ್ಟೋದು ಬೇಡ. ಅಲ್ಲಾಡದೆ ಮಲಗಿ. ಇದಕ್ಕೆ ಆಸ್ಪತ್ರೇಲಿರೋ ಔಷಧ ಒಂದೇ.” ಆಮೇಲೆ ಹುಲ್ಲಿನಲ್ಲಿದ್ದ ತಲೆ ಕಂಡಿತು. ಅವಳು ಗೌರಮ್ಮನ ಕಡೆ ತಿರುಗಿದಳು. “ಕಡಿದ ತಲೆ ಗಂಟೆಗಟ್ಟಲೆ ಕಚ್ಚುತ್ತೆ ಆಂಟಿ. ಒಂದು ಫೋನು ಮಾಡಿದ್ದರೆ ಹೇಳ್ತಿದ್ದೆ. ಯಾಕೆ ಮಾಡಲಿಲ್ಲ?”

ಗೌರಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವನ ತುಟಿ ಅದುರುತ್ತಿತ್ತು, ಹಲ್ಲಿನ ಸಂದಿನಿಂದ ರಕ್ತ ಬರತೊಡಗಿತ್ತು. ಶಾಲೆಯ ಮೈದಾನಕ್ಕೆ ಹೆಲಿಕಾಪ್ಟರ್ ಇಳಿದಾಗ ಗ್ರಿಲ್ಲಿನಲ್ಲಿ ಇದ್ದಿಲು ಹಾಗೇ ಉರಿಯುತ್ತಿತ್ತು, ಅದರ ಮೇಲೆ ಏನೂ ಇಲ್ಲದೆ.

ಬಾಟಲಿಯ ಮೇಲೆ ಬಾಟಲಿ ಔಷಧ ಹೋಯಿತು. ಪ್ರಾಣ ಉಳಿಯಿತು, ತೋಳು ಉಳಿಯಿತು. ತೋರುಬೆರಳು ಕರಿ ಇದ್ದಿಲಾಯಿತು. ಅದನ್ನು ಬುಡದಲ್ಲಿ ತೆಗೆದರು. ಹೆಬ್ಬೆರಳು ಮತ್ತೆ ಮಡಿಸಬಹುದೋ ಇಲ್ಲವೋ ಎಂದು ಸರ್ಜನ್ ಹೇಳಲಿಲ್ಲ.

ವಾರ ಕಳೆದ ಮೇಲೆ ಬದರೀನಾಥ ದಿಂಬಿಗೊರಗಿ ಕೂತ. ವನ್ಯಜೀವಿ ಇಲಾಖೆಯ ಅಧಿಕಾರಿ ಆ ಮಧ್ಯಾಹ್ನ ಬರುವವನಿದ್ದ. ಹಾವಿನ ತಲೆಯನ್ನೂ ಮೈಯನ್ನೂ ಮಂಜರಿ ಇಲಾಖೆಗೆ ಒಪ್ಪಿಸಿದ್ದಳು. ಶೈಲಜಾ ಕಾಫಿಗೆಂದು ಹೊರಗೆ ಹೋದಾಗ ಅವನು ಅಮ್ಮನನ್ನು ಹತ್ತಿರ ಕರೆದ.

“ಅಮ್ಮ, ಅವನು ನಿನ್ನನ್ನ ಕೇಳ್ತಾನೆ. ನೋಡಿದ್ದು ನೀನೊಬ್ಬಳೇ. ಹಾವು ನಿನ್ನ ಮೇಲೆ ಹಾರಿತು, ನನ್ನ ಮಗ ನನ್ನನ್ನ ಉಳಿಸೋಕೆ ಹೊಡೆದ ಅನ್ನು. ಅಷ್ಟೇ. ಜೀವ ಉಳಿಸೋಕೆ ಅಂದ್ರೆ ಬಿಡ್ತಾರೆ.”

ಗೌರಮ್ಮ ಬ್ಯಾಂಡೇಜನ್ನೇ ನೋಡುತ್ತಿದ್ದರು.

“ಬೇಕೂ ಅಂತ ಸಾಯಿಸಿದ್ದು ಅಂತ ದಾಖಲಾದ್ರೆ ಲೈಸೆನ್ಸ್ ಬೋರ್ಡಿಗೆ ಹೋಗುತ್ತೆ. ಬೆರಳಿಲ್ಲದೆ ಹೇಗೋ ಕಲೀತೀನಿ. ಲೈಸೆನ್ಸ್ ಇಲ್ಲದೆ ಏನು ಮಾಡಲಿ? ಈ ಕೈಗೆ ಉಳಿದಿರೋದು ಅದೊಂದೇ.”

ಅವರು ಆ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ತೆಗೆದುಕೊಂಡರು. ಅದು ಜ್ವರದಲ್ಲಿ ಬಿಸಿಯಾಗಿತ್ತು. ಆಸ್ಪತ್ರೆಯ ಯಂತ್ರ ಮಿಡಿಯುವುದು, ಯಾರದೋ ಚಪ್ಪಲಿ, ಮಗನ ಉಸಿರು ಎಲ್ಲ ಅವರಿಗೆ ಕೇಳುತ್ತಿತ್ತು.

“ನಾಣ್ಯ ಇಡಬೇಕು ಅಂದದ್ದು ನಾನು,” ಅಂದರು. “ಅದನ್ನ ಹೇಳ್ತೀನಿ. ಕೈಗೆ ಪಟ್ಟಿ ಬಿಗಿದದ್ದೂ ನಾನೇ. ಅದನ್ನೂ ಹೇಳ್ತೀನಿ.”

“ಅದಲ್ಲಮ್ಮ. ಹಾವು ನಿನ್ನ ಮೇಲೆ ಬಂತು ಅನ್ನು. ಒಂದೇ ಮಾತು. ನನಗೋಸ್ಕರ.”

ಕೋಣೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ಗೌರಮ್ಮ ಮಗನ ಕೈಯನ್ನು ದಿಂಬಿನ ಮೇಲೆ ನೋವಾಗದಂತೆ ಇಟ್ಟು ಎದ್ದು ನಿಂತರು.

“ಅದು ನನಗೆ ಬರಬೇಡ ಅಂದಿತು. ನಾನು ಹೋಗಲಿಲ್ಲ. ಅದೂ ಬರಲಿಲ್ಲ,” ಅಂದರು. “ನೀನು ಕೇಳಿದ್ದನ್ನ ನಾನು ಹೇಳಲ್ಲ, ಬದರಿ.”