ಕೇಳುವವರಿಗೆ ಬೇಕಾದಷ್ಟು

ಮನೆಯಲ್ಲಿ ಉಪ್ಪು ಮುಗಿದಿದೆ ಅಂತ ಹೇಳಬೇಕಾದರೂ ರಾಮಾಂಜಿನಮ್ಮ ಉಪ್ಪು ಮಾರುವವನ ಮಗಳ ಮದುವೆಯಿಂದಲೇ ಶುರು ಮಾಡುವವಳು. ಆ ಮದುವೆಯ ಪಾಯಸಕ್ಕೆ ಬೆಲ್ಲ ಸಾಲದೆ ಬೀಗರು ಮುನಿಸಿಕೊಂಡದ್ದು, ಆ ಬೀಗರ ಊರಿನಲ್ಲಿ ಮಳೆ ಆಯಿತೋ ಇಲ್ಲವೋ ಎಂಬುದು, ಎಲ್ಲ ಮುಗಿದ ಮೇಲೆ ಉಪ್ಪಿನ ಸಮಾಚಾರ. ರಾಯಚರ್ಲು ಊರಿನವರಿಗೆ ಇದು ಒಗ್ಗಿಹೋಗಿತ್ತು. ಅವಸರ ಇದ್ದವರು ಅವಳ ಮನೆ ಮುಂದೆ ಹಾಯದೆ ಹಿಂದಿನ ಓಣಿ ಹಿಡಿಯುತ್ತಿದ್ದರು.

ಮಗಳು ಸಹನಾ ಈ ಮಾತಿನಲ್ಲೇ ಮಿಂದು ಬೆಳೆದವಳು. ಮಧುಗಿರಿಯ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದಲು ಹೋದಾಗ ಅವಳಿಗೆ ಸಾರಾಂಶ ಬರೆಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು. ಮೂರು ಪುಟದ ಲೇಖನವನ್ನು ಒಂದು ಪುಟಕ್ಕೆ ಇಳಿಸಿ ಅಂದರೆ ಇವಳು ನಾಲ್ಕು ಪುಟ ಬರೆದು ತರುವಳು. ಬರವಣಿಗೆ ತರಗತಿಯ ನಂದೀಶ್ವರಯ್ಯ ಮೇಷ್ಟ್ರು ಒಳ್ಳೆಯ ಮನುಷ್ಯ. ಬೈಯದೆ, ಪಕ್ಕಕ್ಕೆ ಕರೆದು ಹೇಳಿಕೊಟ್ಟರು.

"ಕೇಳೋರಿಗೆ ಏನು ಬೇಕೋ ಅಷ್ಟು ಉಳಿಸಮ್ಮ. ಮಿಕ್ಕಿದ್ದು ತೆಗಿ. ತೆಗೆದ ಮೇಲೂ ಅರ್ಥ ನಿಂತರೆ, ತೆಗೆದದ್ದು ಬೇಡದ್ದೇ ಅಂತ ತಿಳ್ಕೊ."

ಈ ಪಾಠವನ್ನು ಸಹನಾ ಅಭ್ಯಾಸ ಮಾಡಿದ್ದು ತಾಯಿಯ ಮೇಲೆ. ಸಂಜೆ ಅವಳ ಫೋನು ಬಂದಾಗ, ಇತ್ತ ತಾಯಿ ಹೇಳುತ್ತಿದ್ದಂತೆ ಅತ್ತ ಮನಸ್ಸಿನಲ್ಲೇ ಬೇಡದ್ದನ್ನು ಹೊಡೆದುಹಾಕುವುದು. ಬರಬರುತ್ತ ತಾಳ್ಮೆ ತಪ್ಪಿತು. ಸುತ್ತಿ ಬಳಸಿ ಹೇಳಬೇಡ, ನನಗೆ ಬೇಕಾದಷ್ಟು ಹೇಳು ಅಂತ ತಾಯಿಗೇ ಪಾಠ ಒಪ್ಪಿಸಿದಳು. ರಾಮಾಂಜಿನಮ್ಮ ಮೊದಲು ನಕ್ಕಳು. ಆಮೇಲೆ, ಮಗಳ ಕಾಲೇಜಿನ ವಿದ್ಯೆ ತನಗೂ ಬರಲಿ ಅಂತ, ಬೇಕಾದ್ದು ಯಾವುದು ಬೇಡದ್ದು ಯಾವುದು ಎಂದು ಗೊತ್ತು ಮಾಡುವುದು ಹೆಂಗೆ ಎಂದು ಕೇಳಿ ತಿಳಿದುಕೊಂಡಳು. ಓದು ಬಾರದ ಹೆಂಗಸು, ಆದರೆ ಚುರುಕು. ಅರ್ಧ ಗಂಟೆಯ ಫೋನು ಒಂದು ಉಸಿರಿಗೆ ಇಳಿಯಿತು.

"ಮಳೆ ಬಂತು. ಎಮ್ಮೆ ಈಯ್ತು. ನಾನ್ ಚೆನ್ನಾಗಿವ್ನಿ. ನೀನು ಉಣ್ಣು, ಓದ್ಕೊ."

ನಮ್ಮವ್ವ ನಿಮಗಿಂತ ಚೆನ್ನಾಗಿ ಸಾರಾಂಶ ಹೇಳುತ್ತಾಳೆ ಅಂತ ಸಹನಾ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಳು. ಅವಳ ಬರಹವೂ ಹದಕ್ಕೆ ಬಂತು. ಮೇಷ್ಟ್ರು ಅದನ್ನು ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿದರು. ಆ ಹುಡುಗಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ಹೊಸದಾಗಿ ಕಲಿತದ್ದನ್ನು ಮನೆಯವರ ಮೇಲೆ ತೋರಿಸದ ಮಕ್ಕಳು ಎಲ್ಲಿದ್ದಾರೆ?

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅಣ್ಣ ಮುತ್ತುರಾಜ್ ಫೋನ್ ಮಾಡಿದ.

"ಅವ್ವ ಹೋಗ್ಬುಟ್ಲು. ಬಾ."

ಸೋಲಾರ್ ಪಾರ್ಕಿನಲ್ಲಿ, ಒಂದು ಕಾಲಕ್ಕೆ ತಾವೇ ಕಡಲೆಕಾಯಿ ಬಿತ್ತುತ್ತಿದ್ದ ನೆಲದಲ್ಲಿ, ಪ್ಲೇಟುಗಳ ಸಾಲಿನ ಮಧ್ಯೆ ಹುಲ್ಲು ಕೊಯ್ಯುತ್ತಿದ್ದವಳು ಹಾಗೇ ಕುಸಿದಿದ್ದಳು. ಪಾವಗಡದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಇದು ಒಂದು ದಿನದ ನೋವಲ್ಲ, ಮೊದಲೇ ಹೇಳಿರಬೇಕಲ್ಲ ಅಂತ ಡಾಕ್ಟರು ಕೇಳಿದರಂತೆ. ಊರಿಗೆ ಬಂದ ಸಹನಾ ಅದನ್ನು ಒಪ್ಪಲಿಲ್ಲ. ದಿನಾ ಮಾತಾಡುತ್ತಿದ್ದೆ, ನೋವಿದ್ದರೆ ನನಗೆ ಹೇಳದೆ ಇರುತ್ತಿದ್ದಳೇ ಅಂತ ಬಂದವರಿಗೆಲ್ಲ ಹೇಳಿದಳು.

ಹಾಲು ತುಪ್ಪ ಬಿಟ್ಟು ಬಂದ ದಿನ, ನೆಂಟರೆಲ್ಲ ಒಳಗೆ ಉಣ್ಣುತ್ತಿದ್ದಾಗ, ಪಕ್ಕದ ಮನೆಯ ಪಟಾಲಮ್ಮ ಜಗಲಿಯ ಮೇಲೆ ಅವಳ ಹತ್ತಿರ ಬಂದು ಕೂತಳು. ರಾಮಾಂಜಿನಮ್ಮನ ಜೊತೆ ಹುಲ್ಲು ಕೊಯ್ಯಲು ಹೋಗುತ್ತಿದ್ದವಳು. ಹೇಳಲೋ ಬೇಡವೋ ಎಂದು ಸೆರಗು ಹಿಂಡುತ್ತ, ಕೊನೆಗೆ ಬಾಯಿಬಿಟ್ಟಳು.

"ನಿಂಗೆ ಫೋನ್ ಮಾಡಕ್ ಮುಂಚೆ ದಿನಾ ನನ್ತಾವ ಕುಂತ್ಕಂಡು ಒಪ್ಪುಸ್ತಿದ್ಲು ಕಣಮ್ಮ, ಇಸ್ಕೂಲ್ ಮಕ್ಳಂಗೆ. ಇದು ಮಡಿಕ್ಕಬೇಕು, ಇದು ತೆಗೀಬೇಕು ಅಂತ. ಎದೆ ಹಿಡ್ಕಂತದೆ ಅಂತ ನಂಗೆ ಹೇಳೋಳು. ಮಗೀಗೆ ಹೇಳು ಅಂತ ಬಡ್ಕಂಡೆ. ಅದು ಅವ್ಳಿಗೆ ಬೇಕಾದ್ದಲ್ಲ ಬುಡು, ಪರೀಕ್ಸೆ ಐತೆ, ತೆಗುದ್ರೂ ಅರ್ಥ ನಿಲ್ತದೆ ಅಂದ್ಲು."

ಮೂರು ದಿನ ಬಾರದಿದ್ದ ಅಳು ಸಹನಾಗೆ ಆಗ ಬಂತು. ತಾನು ಹೇಳಿಕೊಟ್ಟದ್ದನ್ನು ತಾಯಿ ಒಂದಿಷ್ಟೂ ತಪ್ಪಿಲ್ಲದೆ ಕಲಿತಿದ್ದಳು. ಮಗಳಿಗೆ ಬೇಡದ್ದು ಅಂತ ಆಕೆ ತನ್ನನ್ನು ತಾನೇ ತೆಗೆದುಹಾಕಿಕೊಂಡಿದ್ದಳು. ಎಷ್ಟೊಂದು ಸಂಜೆ ಆ ಫೋನಿನಲ್ಲಿ ಸಮಯ ಉಳಿಯಿತು ಅಂತ ತಾನು ಖುಷಿಪಟ್ಟಿದ್ದೆನಲ್ಲ ಎಂದು ನೆನೆದು ಹುಡುಗಿ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು.

ದುಃಖದ ಮನೆಯಲ್ಲಿ ಹೆಚ್ಚಾಗಿ ಮಾತಾಡಿಬಿಟ್ಟೆ ಎನ್ನುತ್ತ ಪಟಾಲಮ್ಮ ಏಳಲು ನೋಡಿದಳು. ಸಹನಾ ಅವಳ ಸೆರಗು ಹಿಡಿದು ಕೂರಿಸಿದಳು.

"ಹೋಗ್ಬ್ಯಾಡತ್ತೆ. ನಂಗೆ ಹೇಳ್ದಲೆ ಅವ್ವ ಏನೇನ್ ತೆಗುದ್ಲೋ, ಎಲ್ಲಾ ಹೇಳು. ಒಂದೂ ಬುಡ್ಬ್ಯಾಡ."

ಅವಳ ಮಾತೇನು ಒಂದೆರಡೇ, ಎಲ್ಲಿಂದ ಅಂತ ಶುರು ಮಾಡಲಿ ಎಂದು ಪಟಾಲಮ್ಮ ಕಣ್ಣೊರೆಸಿಕೊಂಡಳು.

"ಉಪ್ಪು ಮಾರೋನ ಮಗಳ ಮದುವೆಯಿಂದ," ಅಂದಳು ಸಹನಾ.