ಬಿಗಿ ಸ್ಪ್ರಿಂಗಿನ ಬಂದೂಕು

ಇಲಿ ಹೊಡೆಯೋಕೆ ಎಂದು ಹೇಳಿಯೇ ಸೆಪ್ ಹೆಡ್ಲಿ ಏರ್‌ಗನ್ ಕೊಳ್ಳಲು ಹೋದದ್ದು. ಇಂಗ್ಲೆಂಡಿನ ಡರ್ಹಮ್ ಕಡೆಯ ಕಲ್ಲಿದ್ದಲು ಗಣಿ ಊರುಗಳಲ್ಲಿ ಪಾರಿವಾಳದ ಗೂಡು ಇದ್ದಲ್ಲಿ ಇಲಿ ಇದ್ದದ್ದೇ. ಹಾಗಾಗಿ ಅಂಗಡಿಯ ಆರ್ಚಿ ಎರಡನೇ ಮಾತು ಕೇಳಲಿಲ್ಲ. ಕೇಳಿದ್ದರೂ ಸೆಪ್ ನಿಜ ಹೇಳುತ್ತಿರಲಿಲ್ಲ. ಅವನ ಪಾರಿವಾಳಗಳಿಗೆ ಆ ವರ್ಷದ ಹೊಸ ರೋಗ ತಗುಲಿತ್ತು. ಅರ್ಧಕ್ಕರ್ಧ ಹಕ್ಕಿಗಳ ಕತ್ತು ತಿರುಚಿಕೊಂಡಿತ್ತು. ಕಾಳು ಕುಕ್ಕಲು ಹೋದರೆ ಕೊಕ್ಕು ಪಕ್ಕದ ಹಲಗೆಗೆ ಬಡಿಯುತ್ತಿತ್ತು. ಕಾಳಿನ ಮುಂದೆಯೇ ಹಸಿದು ಸಾಯುತ್ತಿದ್ದವು.

ಅಂಥ ಹಕ್ಕಿಯ ಕತ್ತು ಮುರಿದು ಸಂಕಟ ಮುಗಿಸುವುದು ಸಾಕಿದವನ ಪಾಲಿನ ಕೆಲಸ. ಸೆಪ್‌ನ ಕೈಯಲ್ಲಿ ಅದಾಗುತ್ತಿರಲಿಲ್ಲ. ಗಣಿಯ ಡ್ರಿಲ್ ಹಿಡಿದು ಹಿಡಿದು ಬೆರಳುಗಳ ಜೀವ ಹೋಗಿತ್ತು. ಚಳಿ ಬಿದ್ದರೆ ಮೇಣದ ಬತ್ತಿಯಂತೆ ಬೆಳ್ಳಗಾಗುತ್ತಿದ್ದವು. ಹಿಂದಿನ ವಾರ ಒಂದು ಹಕ್ಕಿಗೆ ಕೈಹಾಕಿದಾಗ ಅರ್ಧದಲ್ಲೇ ಹಿಡಿತ ಜಾರಿತ್ತು. ಅದು ನೆಲದ ಮೇಲೆ ಒದ್ದಾಡಿದ್ದನ್ನು ನೋಡಿದ ಮೇಲೆ ಅವನಿಗೆ ಊಟ ಸೇರಿರಲಿಲ್ಲ. ಪಾರಿವಾಳ ಸಾಕುವ ಗೆಳೆಯರನ್ನು ಕರೆಯುವಂತಿಲ್ಲ, ರೋಗ ಬೂಟಿಗೆ ಅಂಟಿಕೊಂಡು ಅವರ ಗೂಡಿಗೂ ಹೋಗುತ್ತದೆ. ಹತ್ತಿರದಿಂದ ತಲೆಗೆ ಒಂದೇ ಏಟು, ಹಕ್ಕಿಗೆ ಗೊತ್ತೇ ಆಗಬಾರದು. ಅವನಿಗೆ ಬೇಕಾದದ್ದು ಅಷ್ಟೇ.

ಆರ್ಚಿ ಹಗುರವಾದ ಹೊಸದೊಂದನ್ನು ಮೇಜಿನ ಮೇಲಿಟ್ಟ.

"ಇದನ್ನ ತಗೋ. ಕೊಟ್ಟ ಕಾಸಿಗೆ ಮೋಸ ಇಲ್ಲ. ಒಂದೊಂದು ಗುಂಡಿಗೂ ನಳಿಕೆ ಮಡಚಿ ಸ್ಪ್ರಿಂಗು ಬಿಗಿಬೇಕಲ್ಲ, ಇದರದ್ದು ಬೆಣ್ಣೆ ಥರ ಇಳಿಯುತ್ತೆ. ಗೂಡಿನೊಳಗೆ ಹೊಡೆಯೋಕೆ ಇದಕ್ಕಿಂತ ಜಾಸ್ತಿ ಯಾಕೆ?"

"ಇದು ಹುಡುಗ್ರು ಆಡೋದು."

"ಯಾರು ಆಡೋದು ಅಂತ ಇಲಿ ಕೇಳುತ್ತೇನಯ್ಯಾ?"

ಸೆಪ್ ನಗಲಿಲ್ಲ. ಗೋಡೆಗೆ ಒರಗಿದ್ದ ಭಾರದ ಜರ್ಮನ್ ಬಂದೂಕಿನತ್ತ ಗಲ್ಲ ಎತ್ತಿ ತೋರಿಸಿದ. ಯಾರೋ ಬಳಸಿ ಮಾರಿದ್ದು. ಆರ್ಚಿ ಅದನ್ನು ಬೆಳಕಿಗೆ ಹಿಡಿದ.

"ಹಳೇದು ಕೊಳ್ಳೋನು ಮೊದಲು ಸ್ಕ್ರೂ ತಲೆ ನೋಡ್ಬೇಕು. ಇದರದ್ದು ಸವೆದಿಲ್ಲ, ಅಂದ್ರೆ ಯಾರೂ ಬಿಚ್ಚಿ ಕೆಡಿಸಿಲ್ಲ. ಕೀಲು ಅಲ್ಲಾಡಲ್ಲ. ಮಾಲೇನೋ ಚೆನ್ನಾಗಿದೆ."

ಹಿಂದಿನ ಕೋಣೆಯಲ್ಲಿ ಬಟ್ಟೆ ಸೋಪಿನ ಗಟ್ಟಿ ಇಟ್ಟು ಎರಡರಿಂದಲೂ ತಾನೇ ಹೊಡೆದು ತೋರಿಸಿದ. ಹಗುರದ್ದರ ಗುಂಡು ಸೋಪಿನೊಳಗೇ ನಿಂತಿತು. ಭಾರದ್ದರ ಗುಂಡು ತೂರಿ ಆಚೆ ಹೋಯಿತು.

"ಆದ್ರೆ ಸ್ಪ್ರಿಂಗು ಬಲು ಬಿಗಿ. ನೀನೇ ಒಂದ್ಸಲ ಮಡಚಿ ನೋಡು, ಸೆಪ್."

ಸೆಪ್ ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ. "ಇಷ್ಟು ವರ್ಷ ಕಲ್ಲಿದ್ದಲು ಒಡೆದೋನಿಗೆ ಇದನ್ನ ಹೇಳ್ಕೊಡೋಕೆ ಬಂದ್ಯಾ? ಕಟ್ಟು, ಸಾಕು."

ಆರ್ಚಿ ಕಟ್ಟಿಕೊಟ್ಟ. ಕೈಲಾಗದವನ ಜಂಬಕ್ಕಿಂತ ದುಬಾರಿ ಮಾಲು ಆ ಅಂಗಡಿಯಲ್ಲಿ ಬೇರೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ಸೆಪ್ ಗೂಡಿನೊಳಗೆ ನಿಂತು ನಳಿಕೆ ಎಳೆದ. ಅದು ಮಿಸುಕಲಿಲ್ಲ. ಹಿಡಿಯನ್ನು ತೊಡೆಗೆ ಒತ್ತಿಕೊಂಡು ಎಳೆದ; ಅರ್ಧಕ್ಕೆ ಬಂದು ಕೈಯಿಂದ ಜಾರಿ ಹಿಂದಕ್ಕೆ ಬಡಿಯಿತು. ಬೆರಳು ಕೊಯ್ದು ರಕ್ತ ಬಂದದ್ದು ಅವನಿಗೆ ಕಂಡಿತು, ನೋವು ತಿಳಿಯಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು. ಆದರೂ ಕೊನೆಗೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟ.

ಹೆಂಡತಿ ಹಿಲ್ಡಾ ಚಹಾ ತಂದು ಬಾಗಿಲಲ್ಲೇ ನಿಂತಳು. ಹೆಂಗಸರು ಒಳಗೆ ಬಂದರೆ ಹಕ್ಕಿ ಬೆದರುತ್ತವೆ ಎಂದು ಮದುವೆಯಾದಾಗಿನಿಂದ ಅವನು ಅವಳಿಗೆ ಆ ಹೊಸ್ತಿಲು ದಾಟಗೊಟ್ಟಿರಲಿಲ್ಲ.

"ಇಲಿಗೆ ಅಂದಿದ್ಯಲ್ಲ" ಎಂದಳು, ಹಕ್ಕಿಗಳನ್ನು ನೋಡುತ್ತ.

"ಒಳಗೆ ಬಾ. ಈ ನಳಿಕೆ ಒಂದು ಎಳೆದುಕೊಡು. ಆಮೇಲೆ ಹೋಗು."

ಅವಳು ಚಹಾ ಕೆಳಗಿಟ್ಟು ಒಳಬಂದು, ಎರಡೂ ಕೈಯಲ್ಲಿ ಮೈಭಾರ ಬಿಟ್ಟು ಎಳೆದಳು. ಕಟಕ್ಕೆಂದು ಸ್ಪ್ರಿಂಗು ಕಚ್ಚಿಕೊಂಡಿತು. ಸೆಪ್ ಗುಂಡು ತುಂಬಿ, ಮೂಲೆಯ ಕೆಂಚು ಗಂಡು ಹಕ್ಕಿಯ ತಲೆಗೆ ಗುರಿಯಿಟ್ಟ. ಟ್ರಿಗರ್ ಮೇಲೆ ಬೆರಳು ಇದೆಯೋ ಇಲ್ಲವೋ ಅವನಿಗೇ ತಿಳಿಯುತ್ತಿರಲಿಲ್ಲ. ಅವನು ಅಂದುಕೊಳ್ಳುವ ಮೊದಲೇ ಗುಂಡು ಹಾರಿತು. ಅದು ಹಕ್ಕಿಯ ರೆಕ್ಕೆ ತೂರಿ ಹಲಗೆಯನ್ನೂ ಸೀಳಿತು. ಹಕ್ಕಿ ಸಾಯಲಿಲ್ಲ. ರಕ್ತ ಚೆಲ್ಲುತ್ತ ಗಿರಗಿರ ತಿರುಗತೊಡಗಿತು.

"ಇನ್ನೊಂದ್ಸಲ ಎಳಿ, ಬೇಗ!" ಸೆಪ್ ಬಂದೂಕನ್ನು ಅವಳತ್ತ ಚಾಚಿದ.

ಹಿಲ್ಡಾ ಬಂದೂಕು ಮುಟ್ಟಲಿಲ್ಲ. ಬಗ್ಗಿ ಹಕ್ಕಿಯನ್ನು ಎತ್ತಿ ಎದೆಗೊತ್ತಿಕೊಂಡು, ತಲೆಯ ಹಿಂದೆ ಹೆಬ್ಬೆರಳಿಟ್ಟು ಒಂದೇ ಎಳೆತ ಎಳೆದಳು. ರೆಕ್ಕೆ ಒಮ್ಮೆ ನಡುಗಿ ನಿಂತುಹೋಯಿತು.

ಸೆಪ್ ಬಾಯಿ ಬಿಟ್ಟುಕೊಂಡು ನೋಡಿದ. "ನಿಂಗೆ ಇದು ಬರುತ್ತಾ?"

"ಗಣಿ ಮುಷ್ಕರದಲ್ಲಿ ಸಂಬಳ ಇಲ್ಲದಾಗ ಕೋಳಿ, ಮೊಲ ಎಲ್ಲಾ ನಿನ್ನ ತಟ್ಟೆಗೆ ತಾವಾಗೇ ಬಂದು ಬೀಳ್ತಿದ್ವಾ? ಮುಂದಿನದು ಕೊಡು."

ಅವನು ಕತ್ತು ತಿರುಚಿದ ಒಂದೊಂದನ್ನೂ ಹಿಡಿದು ಕೊಟ್ಟ. ಅಷ್ಟು ಮಾತ್ರ ಆ ಕೈಗಳಿಂದ ಆಗುತ್ತಿತ್ತು. ಅವಳು ಯಾವುದನ್ನೂ ನೋಯಿಸಲಿಲ್ಲ. ಇಂಥ ನೋವಿಲ್ಲದ ಸಾವು ಬೇಕೆಂದೇ ಅವನು ಬಂದೂಕು ಕೊಂಡದ್ದು; ಅದು ಇಷ್ಟು ವರ್ಷ ಮನೆಯೊಳಗೇ, ಅವಳ ಕೈಯಲ್ಲೇ ಇತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಅಳುತ್ತಲೇ ಕೊಡುತ್ತ ಹೋದ.

ಕೊನೆಗೆ ಉಳಿದದ್ದು ನೀಲಿ ಹೆಣ್ಣು ಹಕ್ಕಿ. ಅದರ ಕತ್ತು ಪೂರ್ತಿ ತಿರುಗಿ ಕಣ್ಣು ಮೇಲಾಗಿತ್ತು. ಹಿಲ್ಡಾ ಅದನ್ನು ಕೈಗೆ ತೆಗೆದುಕೊಂಡವಳು ಕೂಡಲೇ ಎಳೆಯಲಿಲ್ಲ. ಬೆನ್ನಿನ ಗರಿಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಪಂದ್ಯದಲ್ಲಿ ಫ್ರಾನ್ಸಿಂದ ಸಮುದ್ರ ದಾಟಿ ಬಂತು ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಯಲ್ಲ, ಇದೇನಾ ಅದು?"

"ಹೂಂ."

"ಚೆನ್ನಾಗಿದ್ದಾಗ ಒಂದು ದಿನ ನಂಗೂ ತೋರಿಸ್ಬಾರದಿತ್ತಾ, ಸೆಪ್?"

ಅವನು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಹೆಬ್ಬೆರಳನ್ನು ಹಕ್ಕಿಯ ತಲೆಯ ಹಿಂದಿಟ್ಟಳು.