ಯೋನಾತಾನನ ನಿಲುವಂಗಿ

ಯೋನಾತಾನ ಬಂಡೆಯನ್ನು ಅರ್ಧ ಹತ್ತಿದ್ದ. ಅವನ ಹಿಂದೆ ಹದಿನಾಲ್ಕು ಮಕ್ಕಳೂ ಹತ್ತುತ್ತಿದ್ದರು. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿದ್ದ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ ಜೋಡಿಸಿದ್ದಾಗಿತ್ತು. ಮಕ್ಕಳು ಅವುಗಳ ಮೇಲೆ ಕೈಕಾಲೂರಿ, ಹೊಟ್ಟೆ ಎಳೆಯುತ್ತ ತೆವಳುತ್ತಿದ್ದರು.

“ಕೆಳಗೆ ಯಾರೂ ನೋಡಬೇಡಿ,” ಕಥೆ ಹೇಳುತ್ತಿದ್ದವಳು ದನಿ ತಗ್ಗಿಸಿದಳು. “ಮೇಲೆ ಶತ್ರುಗಳು ಇಪ್ಪತ್ತು ಜನ. ಇವರು ಇಬ್ಬರೇ, ಯೋನಾತಾನ ಮತ್ತೆ ಅವನ ಆಯುಧ ಹೊರೋನು. ಆ ಹುಡುಗನಿಗೆ ಕೈಕಾಲು ನಡುಗ್ತಾ ಇತ್ತು. ಯೋನಾತಾನ ತಿರುಗಿ ನೋಡಿ ಏನಂದ ಗೊತ್ತಾ? ‘ಕಾಪಾಡೋನು ತಲೆ ಎಣಿಸಿ ಕಾಪಾಡಲ್ಲ, ಬಾರೋ’ ಅಂದ.”

ಮಕ್ಕಳಲ್ಲಿ ಒಬ್ಬರೂ ಪಿಟ್ಟೆನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಈ ಕೋಣೆಯಲ್ಲಿ ಭಾನುವಾರದ ಬೈಬಲ್ ಪಾಠ ಹೇಳಿದವಳು ಅವಳು. “ಸದ್ದು, ಸದ್ದು” ಎಂದು ಸ್ಕೇಲಿನಿಂದ ಮೇಜು ಕುಟ್ಟದೆ ಒಂದು ಪಾಠವೂ ಮುಗಿದಿರಲಿಲ್ಲ. ಇಲ್ಲಿ ನೋಡಿದರೆ, ಬೆಂಚಿನ ಮೇಲೆ ಹತ್ತಿಸಿದ ಮೇಲೂ ಸದ್ದಿಲ್ಲ!

ಹೇಳುತ್ತಿದ್ದವಳು ಬೇರೆ ಯಾರೂ ಅಲ್ಲ, ಅವಳ ಓರಗಿತ್ತಿ. ಮೈದುನನ ಹೆಂಡತಿ. ಒಂದೇ ಮನೆ, ಕೆಳಗೆ ಟೈಲರಮ್ಮನ ಅಂಗಡಿ ಮತ್ತು ಸಂಸಾರ, ಮೇಲೆ ಅವರದು. ಓರಗಿತ್ತಿಗೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳ ವೇಳೆ ಹೇಳುವ ಕೆಲಸ. ರೈಲು ಎರಡು ಗಂಟೆ ತಡ ಎಂದು ಅವಳು ಹೇಳಿದರೂ ಜನ ಬೈಯದೆ ಸುಮ್ಮನೆ ಕೂರುತ್ತಾರಂತೆ, ಅಂಥ ಗಂಟಲು. ಟೈಲರಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಆರು ವಾರ ಮನೆಯಲ್ಲಿ ಕೂರಬೇಕಾಗಿ ಬಂದಾಗ, “ಅಲ್ಲಿಯವರೆಗೆ ನಾನು ನೋಡ್ಕೊಳ್ತೀನಿ ಬಿಡಿ ಅಕ್ಕ” ಎಂದು ಇವಳು ಒಪ್ಪಿಕೊಂಡಿದ್ದಳು. ಹೊಸ ಕಣ್ಣಿನಿಂದ ಟೈಲರಮ್ಮ ಮೊದಲು ಚೆನ್ನಾಗಿ ಕಂಡದ್ದು ಇದನ್ನೇ.

ಪಾಠ ಮುಗಿದ ಮೇಲೆ ಪಾಸ್ಟರ್ ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡರು. ಮೆತ್ತನೆಯ ಮನುಷ್ಯ, ಯಾರ ಮನಸ್ಸೂ ನೋಯಬಾರದೆಂದು ಹೊರಟು ಎಲ್ಲರ ಮನಸ್ಸನ್ನೂ ಅಷ್ಟಷ್ಟು ನೋಯಿಸುವವರು. “ಇರೋದು ಹದಿನಾಲ್ಕು ಮಕ್ಕಳು, ಒಂದು ಕೋಣೆ. ಇಬ್ಬರು ಟೀಚರ್ ಆದ್ರೆ ಯಾರ ಮಾತೂ ಕೇಳಲ್ಲ. ಇವತ್ತು ಚಿಕ್ಕವರು ಹೇಳಿದ್ರು. ನಾನು ಆಸ್ಪತ್ರೆಗೆ ಹೋಗಿದ್ದೆ, ಕೇಳೋಕಾಗಲಿಲ್ಲ. ಮುಂದಿನ ವಾರ ನೀವು ಹೇಳಿ ಅಮ್ಮ. ಯೋನಾತಾನನದೇ ಮುಂದಿನ ಭಾಗ. ತಂದೆತಾಯಿಗಳೂ ಹಿಂದೆ ಕೂತು ಕೇಳಲಿ. ಆಮೇಲೆ ಒಬ್ಬರು ಅಂತ ತೀರ್ಮಾನ ಮಾಡೋಣ.”

“ಅಕ್ಕನೇ ಇರಲಿ ಅಯ್ಯನವರೇ, ನಾನು ಸುಮ್ಮನೆ ಬಂದೋಳು,” ಎಂದಳು ಓರಗಿತ್ತಿ.

ಅದನ್ನಂತೂ ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಬಿಟ್ಟುಕೊಡುವ ದೊಡ್ಡಸ್ತಿಕೆಯೂ ಇವಳದೇ ಆಗಬೇಕೇ? “ಪರವಾಗಿಲ್ಲ, ಹೇಳ್ತೀನಿ,” ಎಂದು ಚೀಲ ಹೆಗಲಿಗೇರಿಸಿ ಹೊರಟಳು.

ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಕೂತು ಕೋಟುಗಳಿಗೆ ಗುಂಡಿಯ ಕಾಜ ಹೊಲಿಯುತ್ತಾ ಒಂದೊಂದೇ ತಪ್ಪು ಹೆಕ್ಕುತ್ತಿದ್ದಳು. ಆಯುಧ ಹೊರುವವನಿಗೆ ಕೈಕಾಲು ನಡುಗಿತು ಅಂತ ಎಲ್ಲಿ ಬರೆದಿದೆ? ಮಕ್ಕಳನ್ನು ಬೆಂಚು ಹತ್ತಿಸಿ ಯಾರದಾದರೂ ಕೈ ಮುರಿದಿದ್ದರೆ ಯಾರು ಹೊಣೆ? ಮೇಲಿನ ಮೆಟ್ಟಿಲಲ್ಲಿ ಓರಗಿತ್ತಿಯ ಹೆಜ್ಜೆ ಕೇಳಿದರೆ ಸಾಕು, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಗಂಡ, ಬಸ್ಸಿನ ಡ್ರೈವರು, ಮೂರು ದಿನ ನೋಡಿ ನಾಲ್ಕನೆಯ ದಿನ ಕೇಳಿಯೇಬಿಟ್ಟ.

“ಏನೇ, ನಾಲ್ಕು ದಿನದಿಂದ ಮುಖ ಊದಿಸ್ಕೊಂಡೇ ಇದೀಯ?”

“ನಿಮಗೆ ರಸ್ತೆ ಕಂಡ್ರೆ ಸಾಕು. ನನ್ನ ಮುಖ ಯಾಕೆ?”

“ಮೇಲಿನ ಮನೆ ಹುಡುಗಿ ಒಳ್ಳೆಯವಳೇ ಕಣೆ.”

“ಗೊತ್ತು,” ಎಂದಳು. ಅದೇ ಅಲ್ಲವೇ ಕಷ್ಟ? ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು.

ಶನಿವಾರ ಮಧ್ಯಾಹ್ನ ಅಂಗಡಿಗೆ ಪರದೆ ಎಳೆದು ಟೈಲರಮ್ಮ ತನ್ನ ಬೊಂಬೆಗಳ ಡಬ್ಬಿ ತೆಗೆದಳು. ಅವಳ ಪಾಠವೆಲ್ಲ ಬಟ್ಟೆಯ ಮೇಲೆ. ಹಲಗೆಗೆ ಉಣ್ಣೆಬಟ್ಟೆ ಬಿಗಿದಿರುತ್ತದೆ. ಬಟ್ಟೆಯಲ್ಲಿ ಕತ್ತರಿಸಿದ ಬೊಂಬೆಗಳನ್ನು ಅದರ ಮೇಲೆ ಒತ್ತಿದರೆ ಸಾಕು, ಜುಂಗಿಗೆ ಜುಂಗು ಕಚ್ಚಿಕೊಂಡು ನಿಲ್ಲುತ್ತವೆ. ರಾಜ ಬೇಕಾದರೆ ಬೊಂಬೆಯ ಮೇಲೆ ಕಿರೀಟ ಅಂಟಿಸು, ಭಿಕ್ಷುಕ ಬೇಕಾದರೆ ಕಿರೀಟ ಕಿತ್ತು ಕೋಲು ಅಂಟಿಸು. ಗಿರಾಕಿಗಳ ಕೋಟು, ಶಾಲುಗಳಲ್ಲಿ ಉಳಿದ ತುಂಡುಗಳಿಂದ ಅವಳು ಇಡೀ ಪುರಾತನ ಜಗತ್ತನ್ನೇ ಮಾಡಿಟ್ಟಿದ್ದಳು.

ನಾಳೆಯ ಪಾಠಕ್ಕೆ ಮುಖ್ಯವಾದದ್ದು ನಿಲುವಂಗಿ. ಯೋನಾತಾನ ರಾಜನ ಹಿರಿಯ ಮಗ, ಮುಂದೆ ಸಿಂಹಾಸನ ಏರಬೇಕಾದವನು. ಕುರಿ ಕಾಯುವ ದಾವೀದ ಒಂದೇ ಕಲ್ಲಿನಿಂದ ದೈತ್ಯನನ್ನು ಕೆಡವಿ ಅರಮನೆಗೆ ಬಂದಾಗ, ಊರೆಲ್ಲ ಅವನ ಹಾಡು ಹಾಡಿದಾಗ, ರಾಜ ಹೊಟ್ಟೆಕಿಚ್ಚಿನಿಂದ ಈಟಿ ಎತ್ತಿದ. ಮಗ ತನ್ನ ನಿಲುವಂಗಿಯನ್ನೇ ಬಿಚ್ಚಿ ಆ ಹುಡುಗನಿಗೆ ತೊಡಿಸಿದ. ಹಳೆಯ ನಿಲುವಂಗಿ ಬಣ್ಣಗೆಟ್ಟಿತ್ತು. ದಟ್ಟ ನೇರಳೆ ಮಖಮಲ್ಲಿನ ತುಂಡೊಂದನ್ನು ಹೊಸದಕ್ಕೆಂದೇ ಎತ್ತಿಟ್ಟಿದ್ದಳು. ಕತ್ತರಿಸಿ, ಬೊಂಬೆಗೆ ತೊಡಿಸಿ, ಅಳತೆ ಸರಿಯಿದೆಯೇ ಎಂದು ದೂರ ಹಿಡಿದು ನೋಡಿದಳು. ಅಂಚು ಜುಂಗು ಬಿಡುತ್ತಿತ್ತು. ಸೂಜಿಗೆ ದಾರ ಪೋಣಿಸಿದಳು.

ಆಗಲೇ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬೀದಿಯ ನಾಲ್ಕೈದು ಮಕ್ಕಳು ಅಂಗಡಿ ದಾಟಿ ಸೀದಾ ಮೇಲಕ್ಕೆ ಓಡಿದವು. “ಟೀಚರ್, ಬಂಡೆ ಮೇಲೆ ಹೋಗಿ ಏನು ಮಾಡಿದ್ರು? ಇನ್ನೊಂದ್ಸಲ ಹೇಳಿ!” ಓರಗಿತ್ತಿ ಏನೋ ಅಂದಳು. ಒಂದೇ ಸಲಕ್ಕೆ ಎಲ್ಲವೂ ನಕ್ಕವು. ಟೈಲರಮ್ಮನಿಗೆ ಮಾತು ಕೇಳಿಸಲಿಲ್ಲ, ನಗು ಮಾತ್ರ ಕೇಳಿಸಿತು. ತನ್ನ ಬಾಗಿಲ ಮುಂದೆಯೇ ಹೋದವಲ್ಲ, ಒಂದಾದರೂ ಒಳಗೆ ಇಣುಕಿತೇ? ತಲೆ ಬಗ್ಗಿಸಿ ಹೊಲಿದಳು. ಮೇಲೆ ನಗು ಬಂದಷ್ಟೂ ಸಣ್ಣ ಸಣ್ಣ ಹೊಲಿಗೆ ಹಾಕಿದಳು. ಸುತ್ತು ಮುಗಿದಾಗ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕತ್ತರಿಸಿ, ಬೊಂಬೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು.

ಭಾನುವಾರ ಹಿಂದಿನ ಎರಡು ಬೆಂಚುಗಳಲ್ಲಿ ತಂದೆತಾಯಿಗಳು ಕೂತಿದ್ದರು. ಪಾಸ್ಟರ್ ಕಿಟಕಿಯ ಹತ್ತಿರ. ಓರಗಿತ್ತಿ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಟೈಲರಮ್ಮ ಶುರುಮಾಡಿದಳು. ದೈತ್ಯ ಬಿದ್ದ, ಊರು ಹಾಡಿತು, ರಾಜ ಈಟಿ ಎತ್ತಿದ. ಮಕ್ಕಳು ಕೇಳುತ್ತಿದ್ದರು, ಆದರೆ ಇಬ್ಬರು ಹುಡುಗರು ಶೂ ಲೇಸು ಬಿಚ್ಚಿ ಕಟ್ಟಿ ಮಾಡುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

“ಆಗ ಯೋನಾತಾನ ಏನು ಮಾಡಿದ? ತಾನು ತೊಟ್ಟಿದ್ದ ನಿಲುವಂಗಿ ಬಿಚ್ಚಿ...” ಎಂದು ಅಂಗಿಯ ತುದಿ ಹಿಡಿದು ಎಳೆದಳು.

ಅಂಗಿಯ ಜೊತೆ ಯೋನಾತಾನನೂ ಕಿತ್ತು ಬಂದ. ಅವಳು ಅವನನ್ನು ಮತ್ತೆ ಹಲಗೆಗೆ ಒತ್ತಿ, ಬೆರಳಿಂದ ಅದುಮಿ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಗ ಕಂಡಿತು: ಅಂಗಿಯ ಅಂಚಿನ ಸುತ್ತ, ಕುತ್ತಿಗೆಯಿಂದ ಪಾದದವರೆಗೆ, ಬೊಂಬೆಗೇ ಸೇರಿಸಿ ಹೊಲಿದುಬಿಟ್ಟಿದ್ದಳು. ಸಣ್ಣ, ಒತ್ತೊತ್ತಾದ, ಅವಳ ಹೆಸರು ಮೆರೆಸುವಂಥ ಹೊಲಿಗೆ.

“ಟೀಚರ್, ಅವನು ಕೊಡಲ್ವಂತೆ!” ಎಂದ ಲೇಸಿನ ಹುಡುಗ. ಇಡೀ ಕೋಣೆ ಗೊಳ್ಳೆಂದಿತು. ತಾಯಂದಿರು ಬಾಯಿಗೆ ಕೈ ಅಡ್ಡ ಹಿಡಿದರು. ಪಾಸ್ಟರ್ ಕೂಡ ಕಿಟಕಿಯಾಚೆ ನೋಡಿದರು. ನಗದೆ ಇದ್ದವಳು ಒಬ್ಬಳೇ. ಓರಗಿತ್ತಿ ಅರ್ಧ ಎದ್ದು, ಬರಲೋ ಬೇಡವೋ ಎಂದು ಬೆಂಚು ಹಿಡಿದು ನಿಂತಿದ್ದಳು. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು ಟೈಲರಮ್ಮನಿಗೆ.

ಮುಂದಿನ ಸಾಲಿನಲ್ಲಿ ಬೀಗ ರಿಪೇರಿಯವನ ಮಗಳು ಕೈಯೆತ್ತಿದಳು. ಎಲ್ಲದಕ್ಕೂ ಯಾಕೆ ಎಂದು ಕೇಳುವ ಅವಳನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು.

“ಟೀಚರ್, ಅವನಿಗೆ ಹೊಟ್ಟೆ ಉರೀಲಿಲ್ವಾ?”

“ಯಾರಿಗೆ?”

“ಯೋನಾತಾನನಿಗೆ. ರಾಜ ಆಗ್ಬೇಕಿದ್ದೋನು ಅವನೇ ಅಲ್ವಾ? ಮೊನ್ನೆ ಮೊನ್ನೆ ಬಂದೋನನ್ನ ಎಲ್ಲರೂ ಹೊಗಳಿದ್ರೆ ಉರಿಯಲ್ವಾ?”

ಇದಕ್ಕೆ ಉತ್ತರ ಟೈಲರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ ಪುಟ್ಟ, ಅವನಿಗೆ ದೇವರಲ್ಲಿ ನಂಬಿಕೆ ಇತ್ತು, ಅದಕ್ಕೇ ಉರೀಲಿಲ್ಲ. ಇಪ್ಪತ್ತೆರಡು ವರ್ಷ ಹಾಗೆಯೇ ಹೇಳಿದ್ದಳು. ಬಾಯಿ ತೆರೆದಳು. ಕೈಯಲ್ಲಿದ್ದ ಬೊಂಬೆಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು.

“ಉರೀತು,” ಎಂದಳು.

ನಗು ನಿಂತಿತು.

“ತುಂಬಾ?”

“ತುಂಬಾ. ಊಟ ಸೇರ್ತಿರಲಿಲ್ಲ. ಆ ಹುಡುಗ ನಕ್ಕರೆ ಇವನಿಗೆ ಆಗ್ತಿರಲಿಲ್ಲ. ಅವನು ಒಳ್ಳೆಯವನು ಅನ್ನೋದಂತೂ ಇನ್ನೂ ಆಗ್ತಿರಲಿಲ್ಲ.”

“ಪುಸ್ತಕದಲ್ಲಿ ಹಾಗಿಲ್ವಲ್ಲ ಟೀಚರ್,” ಎಂದ ದೊಡ್ಡ ಹುಡುಗನೊಬ್ಬ.

“ಇಲ್ಲ. ಇದು ನಾನು ಹೇಳ್ತಿರೋದು.” ಅವಳು ಚೀಲದಿಂದ ಚಿಕ್ಕ ಕತ್ತರಿ ತೆಗೆದಳು. ಕುರ್ಚಿ ಎಳೆದು ಕೂತು, ಬೊಂಬೆಯನ್ನು ಮೊಣಕಾಲ ಮೇಲಿಟ್ಟು, ಮೊದಲ ಹೊಲಿಗೆ ಕತ್ತರಿಸಿದಳು. ಎರಡನೆಯದು. ಅವಳ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚುವಂಥದಲ್ಲ. ಒಂದೊಂದನ್ನೂ ತುದಿಯಿಂದ ಎಬ್ಬಿಸಿ ಕತ್ತರಿಸಬೇಕು. ಮಕ್ಕಳು ಬೆಂಚು ಬಿಟ್ಟು ಒಂದೊಂದಾಗಿ ಹತ್ತಿರ ಸರಿದವು.

“ಮತ್ತೆ ಯಾಕೆ ಕೊಟ್ಟ?” ಯಾಕಮ್ಮ ಬಿಡಲಿಲ್ಲ.

“ಬಂಡೆ ಹತ್ತಿದನಲ್ಲ, ಅದು ಅವನಿಗೆ ಸುಲಭ ಆಯ್ತು. ಮೇಲಿದ್ದೋರು ಶತ್ರುಗಳು, ಕೈಯಲ್ಲಿ ಕತ್ತಿ ಇತ್ತು. ಇಲ್ಲಿ ಎದುರಿಗಿದ್ದೋನು ಶತ್ರು ಅಲ್ವಲ್ಲ? ಏನು ಮಾಡೋಕೂ ತೋಚಲಿಲ್ಲ.” ಇನ್ನೊಂದು ಹೊಲಿಗೆ. “ಆದ್ರೆ ಅವನಿಗೆ ಕಣ್ಣಳತೆ ಇತ್ತು. ಟೇಪು ಹಿಡೀದೇ ಅಳತೆ ಹೇಳೋದು. ಆ ಹುಡುಗನ ಹೆಗಲು ನೋಡಿದ, ತನ್ನ ಅಂಗಿ ನೋಡ್ಕೊಂಡ. ಇದು ಅವನಿಗೆ ಸರಿಯಾಗಿ ಕೂರುತ್ತೆ ಅಂತ ಗೊತ್ತಾಗಿಹೋಯ್ತು. ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನೋಕೆ ಅವನಿಗೆ ಬರಲಿಲ್ಲ.”

“ಅಷ್ಟೇನಾ?”

“ಅಷ್ಟೇ. ಅಷ್ಟಕ್ಕೇ ಬೆವತುಹೋದ.”

ಕೊನೆಯ ಹೊಲಿಗೆ ಬಿಟ್ಟುಕೊಂಡಿತು. ಅಂಗಿಯ ಅಂಚಿನಲ್ಲೆಲ್ಲ ದಾರದ ಚೂರುಗಳು ಕಚ್ಚಿಕೊಂಡಿದ್ದವು. ಅವಳು ಎದ್ದು ಅದನ್ನು ದಾವೀದನ ಮೇಲೆ ಒತ್ತಿದಳು. ಸರಿಯಾಗಿ ಕೂತಿತು. ಬರಿಯ ಒಳಂಗಿಯಲ್ಲಿ ನಿಂತ ಯೋನಾತಾನನನ್ನು ಪಕ್ಕಕ್ಕೆ ಅಂಟಿಸಿ, “ಇವತ್ತಿಗೆ ಇಷ್ಟು,” ಎಂದಳು.

ಮಕ್ಕಳು ಹೊರಗೆ ಹೋದ ಮೇಲೆ ಪಾಸ್ಟರ್ ಓಡೋಡಿ ಬಂದರು. “ಅಮ್ಮ, ಇಂಥ ಪಾಠ ನಾನೇ ಕೇಳಿರಲಿಲ್ಲ. ತಂದೆತಾಯಿಗಳೂ ಅದೇ ಅಂತಿದಾರೆ. ಇನ್ನು ಯೋಚನೆ ಮಾಡೋದೇನಿದೆ? ತರಗತಿ ನಿಮ್ಮದೇ.”

ಟೈಲರಮ್ಮನ ಎದೆ ಹಿಗ್ಗಿತು. ವಾರದಿಂದ ಕಾದಿದ್ದ ಮಾತನ್ನು ಕಿವಿಯಾರೆ ಕೇಳಿದಳು. ಅಂಗಳದಲ್ಲಿ ಓರಗಿತ್ತಿಯ ಸುತ್ತ ಮಕ್ಕಳು ಮುತ್ತಿಕೊಂಡಿದ್ದವು. ಒಂದು ಅವಳ ಬೆನ್ನ ಮೇಲೇ ಹತ್ತಿತ್ತು. ಅವಳು ಈ ಕಡೆ ನೋಡಿ, ಚೆನ್ನಾಗಿತ್ತು ಎಂಬಂತೆ ತಲೆ ತೂಗಿ ನಕ್ಕಳು. ಟೈಲರಮ್ಮನ ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು. ಒಂದು ಚೂರೂ ಆರಿರಲಿಲ್ಲ.

“ಅವಳಿಗೆ ಕೊಡಿ,” ಎಂದಳು.

“ಏನಂದ್ರಿ?”

“ನಂದು ಒಂದು ದಿನದ್ದು ಅಯ್ಯನವರೇ. ಹೊಲಿಗೆ ತಪ್ಪಿದ್ದಕ್ಕೆ ಆಗಿದ್ದು. ಬಂಡೆ ಹತ್ತಿಸಿದ ದಿನ ನೀವಿರಲಿಲ್ಲ. ನಾನಿದ್ದೆ. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೀನಿ.”

“ಅಲ್ಲ ಅಮ್ಮ, ನಿಧಾನವಾಗಿ ಯೋಚನೆ ಮಾಡಿ...”

“ಬೇಡ. ಈಗಲೇ ಬರ್ಕೊಳ್ಳಿ. ಸಾಯಂಕಾಲ ಕೇಳಿದ್ರೆ ನಾನು ಹಾಗಂದೇ ಇಲ್ಲ ಅಂದುಬಿಡ್ತೀನಿ.”

ಪಾಸ್ಟರ್ ಜೇಬು ತಡಕಿ ಪೆನ್ನು ತೆಗೆದರು. ಅವರು ಬರೆಯುವವರೆಗೂ ಅವಳು ಕಾಗದದ ಮೇಲಿಂದ ಕಣ್ಣು ಕೀಳಲಿಲ್ಲ.

ಮುಂದಿನ ಭಾನುವಾರ ತಾನು ಹೋಗುವುದಿಲ್ಲ ಎಂದು ಟೈಲರಮ್ಮ ಮನೆಯಲ್ಲಿ ಹೇಳಿದ್ದಳು. ಆದರೂ ಹತ್ತಕ್ಕೆ ಐದು ನಿಮಿಷ ಇರುವಾಗ ಬಂದು, ಮಕ್ಕಳ ಗಿಡ್ಡ ಬೆಂಚಿನ ಮೇಲೆ, ಯಾಕಮ್ಮನ ಪಕ್ಕ ಕೂತಳು. ಮೊಣಕಾಲು ಎದೆಯವರೆಗೆ ಬಂದಿತ್ತು. ಮುಂದೆ ಓರಗಿತ್ತಿ ದೀಪ ಆರಿಸಿ, ಕಿಟಕಿಗೆ ಪರದೆ ಎಳೆದು ಕೋಣೆಯನ್ನು ಕಾಡು ಮಾಡಿದ್ದಳು. ರಾಜನಿಗೆ ಹೆದರಿ ದಾವೀದ ಆ ಕಾಡಿನಲ್ಲಿ ಅಡಗಿದ್ದ. ಯೋನಾತಾನ ಒಬ್ಬನೇ ಅವನನ್ನು ಹುಡುಕಿಕೊಂಡು, ಧೈರ್ಯ ಹೇಳಲು ಬರುತ್ತಿದ್ದ. ಕಡ್ಡಿ ಮುರಿದ ಸದ್ದನ್ನು ಓರಗಿತ್ತಿ ನಾಲಿಗೆಯಲ್ಲೇ ಮಾಡಿದಳು. ಮಕ್ಕಳು ಬೆಚ್ಚಿದವು. ಸದ್ದು ಸ್ವಲ್ಪ ಜಾಸ್ತಿಯಾಯಿತು ಎಂದುಕೊಂಡಳು ಟೈಲರಮ್ಮ. ಅವಳೂ ಬೆಚ್ಚಿದ್ದಳು.

ಯಾಕಮ್ಮ ಅವಳ ತೋಳು ಜಗ್ಗಿ ಕಿವಿಯಲ್ಲಿ ಕೇಳಿದಳು. “ಟೀಚರ್, ಕೊನೇಲಿ ಯೋನಾತಾನ ರಾಜ ಆಗ್ತಾನಾ?”

“ಶ್,” ಎಂದಳು. “ಟೀಚರ್ ಹೇಳ್ತಿದಾರೆ. ಕೇಳು.”

ಮುಂದಿನ ಮಾತು ತೀರ ಮೆಲ್ಲಗಿತ್ತು. ಅದು ಕೇಳಿಸಲೆಂದು ಟೈಲರಮ್ಮ ಕತ್ತಲಲ್ಲಿ ಕತ್ತು ಮುಂದಕ್ಕೆ ಚಾಚಿದಳು.